ಲಕ್ಕಣ್ಣ ಬೆಲ್ಲ ಬೇಡವೆಂದ ದಿನ

ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ, ಹೊಟ್ಟೆ ಚೆನ್ನಾಗಿ ಹಸಿಯುತ್ತದೆ. ಅಂಥ ಗಂಡನಿಗೆ ಕಾಯಿಲೆ ಬರುವ ಹಾಗಿದೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಸಿಂಗಟಗೆರೆಯ ಕಾಂತಮ್ಮನೂ ನಂಬಲಿಲ್ಲ.

ಅವಳ ಗಂಡ ಲಕ್ಕಣ್ಣ ತೆಂಗಿನಕಾಯಿ ವ್ಯಾಪಾರಿ. ಮರದ ಮೇಲಿನ ಫಸಲು ನೋಡಿಯೇ ಬೆಲೆ ಕಟ್ಟಿ ತೋಟ ಹಿಡಿಯುವವನು. ಮೊದಲೆಲ್ಲ ಊರೂರು ನಡೆಯುತ್ತಿದ್ದ. ಲೂನಾ ಗಾಡಿ ಕೊಂಡ ಮೇಲೆ ನಡಿಗೆ ನಿಂತು ಹೊಟ್ಟೆ ಮುಂದೆ ಬಂತು. ಅಷ್ಟರಲ್ಲಿ ಅವನ ಅಣ್ಣ ಚೌಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ಮೊಣಕಾಲಿನ ಕೆಳಗೆ ಕಾಲನ್ನೇ ಕತ್ತರಿಸಿ ತೆಗೆಯಬೇಕಾಯಿತು. ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಲಿ ಎಂದರು ಕಡೂರಿನ ಡಾಕ್ಟರು. ಲಕ್ಕಣ್ಣ ಮಾಡಿಸಿದ.

"ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ," ಎಂದರು ಡಾಕ್ಟರು. "ಈಗಲೇ ಊಟ ಹಿಡಿತಕ್ಕೆ ತಂದು ಚೆನ್ನಾಗಿ ನಡೆದರೆ, ಅಲ್ಲಿಂದಲೇ ವಾಪಸ್ ಕಳಿಸಬಹುದು."

ಅಂದಿನಿಂದ ಲಕ್ಕಣ್ಣ ಕಾಫಿಗೆ ಸಕ್ಕರೆ ಬೇಡವೆಂದ. ಕಾಂತಮ್ಮ ಸಕ್ಕರೆ ಬಿಟ್ಟು ಬೆಲ್ಲ ಹಾಕಿದಳು. ಮಕ್ಕಳಿಗೆ ಲಸಿಕೆ ಹಾಕಲು ಬಂದ ನರ್ಸಮ್ಮ ಉಚ್ಚಂಗಮ್ಮ ಆ ಕಾಫಿ ಕುಡಿದು ನಕ್ಕರು.

"ಅಲ್ಲ ಕಣೇ ಕಾಂತಮ್ಮ, ಕಳ್ಳ ಅಂಗಿ ಬದಲಾಯ್ಸಿದ್ರೆ ಸಾಚಾ ಆಗ್ತಾನಾ? ಬೆಲ್ಲಾನೂ ಒಳಗೆ ಹೋದ್ಮೇಲೆ ಸಕ್ಕರೆನೇ."

ಮುದ್ದೆ ಬಿಡಬೇಕಾಗಿಲ್ಲ, ಚಿಕ್ಕದು ಮಾಡಿದರೆ ಸಾಕು. ಮೇಲೆ ಮತ್ತೆ ಅನ್ನ ಬಡಿಸುವುದು ಬೇಡ. ಸೊಪ್ಪು, ಹುರುಳಿಕಾಳು ಧಾರಾಳವಾಗಿರಲಿ ಎಂದು ಅವರು ತಿಳಿಸಿ ಹೇಳಿದರು. ಕಾಂತಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಗಂಡ ಸೊರಗಿದರೆ ಊರು ಆಡಿಕೊಳ್ಳುವುದು ತನ್ನನ್ನು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತೋಟದ ವ್ಯಾಪಾರ ಮುಗಿದಾಗ ಯಜಮಾನ ಬೆಲ್ಲ ಕೊಬ್ಬರಿ ಕೊಡುತ್ತಾನೆ. ಅದನ್ನು ಬಾಯಿಗೆ ಹಾಕಿಕೊಂಡರೆ ಮಾತು ಗಟ್ಟಿ, ಬೇಡವೆಂದರೆ ವ್ಯಾಪಾರ ಮುರಿದಂತೆ. ಸುಗ್ಗಿಯಲ್ಲಿ ಲಕ್ಕಣ್ಣ ದಿನವಿಡೀ ಬೆಲ್ಲ ತಿನ್ನುವವನೇ.

"ಬೆಲ್ಲ ಬೇಡ ಅಂದು ಮನೆಗೆ ಬರಿಗೈಲಿ ಬತ್ತೀರಾ?" ಎಂದು ಕೇಳಿದಳು.

ಯಗಟಿಯಲ್ಲಿ ಕಾಂತಮ್ಮನ ಸೋದರಮಾವ ದೇವೀರಪ್ಪನದು ದೊಡ್ಡ ತೋಟ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಬೆಲೆ ಕುದುರಿತು. ಬೇಲಿಯಾಚೆ ಇನ್ನೊಬ್ಬ ವ್ಯಾಪಾರಿ ಕಾಯುತ್ತಲೇ ಇದ್ದ. ದೇವೀರಪ್ಪ ಬೆಲ್ಲ ಕೊಬ್ಬರಿಯ ತಟ್ಟೆ ಚಾಚಿದ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಕಾಂತಮ್ಮ ಗಂಡನ ಕೈಯನ್ನೇ ನೋಡಿದಳು.

ಲಕ್ಕಣ್ಣ ಬೆಲ್ಲದ ಚೂರು ತೆಗೆದು ಮಾವನ ಬಾಯಿಗೇ ಇಟ್ಟ. ಕೊಬ್ಬರಿಯ ಸಣ್ಣ ಚೂರು ತಾನು ಹಾಕಿಕೊಂಡ.

"ಮಾವ, ಸಿಹಿ ನಿಮ್ಮ ಬಾಯಿಗಿರ್ಲಿ, ನನಗೆ ಕೊಬ್ರಿ ಸಾಕು. ಅಣ್ಣನ ಕಾಲು ಹೋಗಿದ್ದು ಕಣ್ಣಾರೆ ಕಂಡಿದೀನಿ. ನನ್ನ ಕಾಲು ಗಟ್ಟಿಯಾಗಿದ್ರೆ ತಾನೆ ವರ್ಷ ವರ್ಷ ನಿಮ್ಮ ತೋಟಕ್ಕೆ ಬರೋದು?"

ಮುದುಕ ಬೆಲ್ಲ ಚಪ್ಪರಿಸಿ ನುಂಗಿದ. ಆಮೇಲೆ, "ತೋಟ ನಿಂದೇ ಕಣಪ್ಪಾ," ಎಂದ.

ಎಲ್ಲರ ಮನಸ್ಸು ಉಳಿಸಲು ಕೊಟ್ಟದ್ದನ್ನೆಲ್ಲ ತಿಂದು ಬಂದ ಮನುಷ್ಯ, ಯಾರ ಮನಸ್ಸೂ ಮುರಿಯದೆ ಬೇಡವೆಂದನಲ್ಲ ಎಂದು ಕಾಂತಮ್ಮನಿಗೆ ಹೆಮ್ಮೆಯಾಯಿತು. ಮಾರನೆಯ ದಿನ ತಾನೇ ಮುದ್ದೆ ಚಿಕ್ಕದು ಕಟ್ಟಿದಳು, ತಟ್ಟೆ ತುಂಬ ಹೊನಗೊನೆ ಸೊಪ್ಪಿನ ಪಲ್ಯ ಬಡಿಸಿದಳು. ಪಕ್ಕದ ಮನೆಯ ಅಂಜಿನಮ್ಮ, ಗಂಡನನ್ನು ಉಪವಾಸ ಕೆಡವಿದ್ದೀಯಾ ಎಂದು ಚುಚ್ಚಿದಳು.

"ಇಲ್ಲ ಕಣೇ, ಅವರ ಕಾಲು ಕಾಯ್ತಿದೀನಿ," ಎಂದಳು ಕಾಂತಮ್ಮ.

ಹತ್ತಿರದ ತೋಟಗಳಿಗೆ ಲಕ್ಕಣ್ಣ ಮತ್ತೆ ನಡೆದೇ ಹೋಗತೊಡಗಿದ. ಮದುವೆ ಮನೆಗಳಲ್ಲಿ ಒಮ್ಮೊಮ್ಮೆ ಹೋಳಿಗೆಗೆ ಸೋತದ್ದೂ ಉಂಟು; ಆದರೆ ಮರುದಿನ ಮತ್ತೆ ನಡೆದ. ಸುಗ್ಗಿ ಕಳೆದ ಮೇಲೆ ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿಯಾದ ಮಟ್ಟಕ್ಕೆ ಇಳಿದಿತ್ತು. ಮೈಮರೆಯಬೇಡಿ, ಆಗಾಗ ಪರೀಕ್ಷೆಗೆ ಬನ್ನಿ ಎಂದರು ಡಾಕ್ಟರು. ಕಾಂತಮ್ಮನೂ ಅಂದೇ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು.

ಸುದ್ದಿ ಕೇಳಿ ಚೌಡಪ್ಪ ತಮ್ಮನ ಕೈ ಹಿಡಿದುಕೊಂಡ. "ನನಗೆ ಯಾರೂ ಮೊದ್ಲೇ ಹೇಳ್ಲಿಲ್ಲ ಕಣೋ," ಎಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ನಿಮ್ಮ ಮೈ ದಪ್ಪವಾಗಿದೆಯೇ, ನಡಿಗೆ ಕಡಿಮೆಯಾಗಿದೆಯೇ? ನೋವು ಕಾಣಿಸಲಿ ಎಂದು ಕಾಯಬೇಡಿ. ಇಂದೇ ರಕ್ತ ಪರೀಕ್ಷೆ ಮಾಡಿಸಿ. ಚೌಡಪ್ಪನಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇವೆ.