ಎರಡು ಮುಚ್ಚಳದ ಮನುಷ್ಯ

ಬೋರ್ಡು ಬರೆಯುವ ಪೇಂಟರು ಕೆಮ್ಮಿದ್ದನ್ನು ಕಂಡವರಿಲ್ಲ. ಕೋಟಿನ ಎಡಜೇಬಿನಲ್ಲಿ ಕೆಮ್ಮಿನ ಔಷಧಿಯ ಸೀಸೆಯಿಲ್ಲದೆ ಅವರನ್ನು ಕಂಡವರೂ ಇಲ್ಲ. ಬಣ್ಣಗಳೆಲ್ಲ ಒಣಗಿ ಹಲಗೆಯಂತೆ ಸೆಟೆದುಕೊಂಡ ಆ ಕೋಟು, ಸಮನೆಲದಲ್ಲೂ ಏಣಿಯ ಮೆಟ್ಟಿಲು ಹುಡುಕುವಂತೆ ಮೊಣಕಾಲೆತ್ತಿ ಇಡುವ ಆ ಹೆಜ್ಜೆ, ಏಣಿಯೇರುವ ಮುನ್ನ ಕಣ್ಣುಮುಚ್ಚಿ ಭಕ್ತಿಯಿಂದ ಸೇವಿಸುವ ಎರಡು ಮುಚ್ಚಳ, ಇವೆಲ್ಲ ಬೀದಿಗೆ ಚಿರಪರಿಚಿತ. ಮುಚ್ಚಳ ಗಂಟಲಿಳಿದ ಐದೇ ನಿಮಿಷಕ್ಕೆ ನಡುಗುವ ಬೆರಳು ನಿಶ್ಚಲವಾಗಿ, ಅಕ್ಷರದ ಗೆರೆ ನೂಲು ಹಿಡಿದಂತೆ ಹರಿಯುತ್ತಿತ್ತು.

“ಕೈ ನನ್ನದಲ್ಲ ಸ್ವಾಮಿ, ಔಷಧೀದು,” ಎನ್ನುವರು, ವಿನಯವೇ ಏಣಿ ಹತ್ತಿದಂತೆ.

“ಹಾಗಾದ್ರೆ ಬೋರ್ಡಿನ ಮೂಲೇಲಿ ಸೀಸೆ ಹೆಸರೇ ಬರೀರಿ,” ಎನ್ನುವನು ಕೆಳಗಿನ ಕ್ಷೌರಿಕ.

ಈ ವಿನಯ ಮನೆಯಲ್ಲೂ ಉಪಯೋಗಕ್ಕೆ ಬರುತ್ತಿತ್ತು. ಸಂಜೆಯ ಎರಡು ಮುಚ್ಚಳಕ್ಕೆ ಕೈ ನಿಂತು ನಾಲಗೆ ಓಡತೊಡಗುವುದು. ತಾಯಿಯಿಲ್ಲದ ಈ ತಮ್ಮನನ್ನು ಬಟ್ಟೆ ಹೊಲಿದು ಸಾಕಿ, ಈಗ ಕಣ್ಣು ಮಂಜಾಗಿ ಅವರಲ್ಲೇ ಇದ್ದ ಅಕ್ಕ ಆ ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತ, ಅವರದೇ ಕೋಟಿನ ಗುಂಡಿಯನ್ನು ತಡಕಿ ಹೊಲಿಯುತ್ತಿದ್ದಳು. ಬೆಳಗಾದರೆ ದೊಡ್ಡ ಸೀಸೆಯಿಂದ ಜೇಬಿನ ಸೀಸೆಗೆ ಔಷಧಿ ತುಂಬಿಕೊಡುವವಳೂ ಅವಳೇ.

“ನಿನ್ನೆ ಅಂದಿದ್ದು ನಾನಲ್ಲ ಕಣಕ್ಕ, ಔಷಧಿ.”

“ಗೊತ್ತು ಬಿಡೋ.”

ಒಂದು ಸಂಜೆ ನಾಲಗೆ ಎಲ್ಲೆ ಮೀರಿತು. “ಇನ್ನೆಷ್ಟು ವರ್ಷ ನಿನ್ನ ಸಾಕೋದು? ಇದೇನು ಛತ್ರಾನಾ?” ಮರುಬೆಳಿಗ್ಗೆ ಅಕ್ಕನ ಟ್ರಂಕು ಹೊಸ್ತಿಲ ಬಳಿ ಕೂತಿತ್ತು. ಪೇಂಟರು ತಮ್ಮ ಎಂದಿನ ಪಾಠ ಒಪ್ಪಿಸಿದರು.

“ಔಷಧೀನಾ?” ಎಂದಳು ಅಕ್ಕ. “ಒಂದು ವರ್ಷದಿಂದ ಚಮಚ ಚಮಚ ಕಮ್ಮಿ ಮಾಡ್ತಾ ಬಂದೆ ಕಣೋ. ಈ ನಾಲ್ಕು ತಿಂಗಳು ನೀನು ಕುಡಿದಿದ್ದು ಬರೀ ಸಕ್ಕರೆ ಪಾಕ, ಬಣ್ಣಕ್ಕೆ ಒಂಚೂರು ಚಹಾ. ಸಕ್ಕರೆ ಕುಡಿದೋನ ಬಾಯಲ್ಲಿ ಅಷ್ಟು ಕಹಿ ಎಲ್ಲಿಂದ ಬಂತೋ?”

ಪೇಂಟರಿಗೆ ಮೊದಲು ನೆನಪಾದದ್ದು, ಹೇಳಲು ನಾಚಿಕೆ, ಚಿತ್ರಮಂದಿರದ ಮೇಲಿನ ಆಳೆತ್ತರದ ಅಕ್ಷರಗಳು. ಕಳೆದ ತಿಂಗಳಷ್ಟೇ ಬರೆದದ್ದು. ಒಂದು ಗೆರೆಯೂ ಅಲುಗಿರಲಿಲ್ಲ. ಹಾಗಾದರೆ ಕೈ ತನ್ನದೇ! ಎದೆಯುಬ್ಬುವಷ್ಟರಲ್ಲಿ, ಅದರ ಬೆನ್ನಿಗೇ ನಾಲ್ಕು ತಿಂಗಳ ಸಂಜೆಗಳು ಬಂದು ನಿಂತವು. ಗೆರೆ ತನ್ನದಾದರೆ ಮಾತೂ ತನ್ನದೇ. ಮುಖ ಬಿಸಿಯಾಯಿತು. ಅಕ್ಕ ಹಿಡಿಕೆ ಹಿಡಿದು ನಿಂತಿದ್ದ ಟ್ರಂಕನ್ನು ಒಳಗೊಯ್ಯಲು ಬಾಗಿದರು. ಬೆರಳು ಹಿಡಿಕೆಗೆ ಹತ್ತದಷ್ಟು ನಡುಗುತ್ತಿತ್ತು.

“ನಾನೇ ಅಂದಿದ್ದು, ಅಕ್ಕ.”

ಅಕ್ಕ ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ, ಹೊಸ್ತಿಲನ್ನೂ ದಾಟಲಿಲ್ಲ.

ಇಂಥವರಿಗೆ ಸೀಸೆ ಬಿಡುವುದು ಕಷ್ಟವೆಂದು ಲೋಕವೆಲ್ಲ ಕನಿಕರಪಡುತ್ತದೆ. ಅಷ್ಟು ವರ್ಷ ಸೀಸೆಯ ತಲೆಗೆ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಇಳಿಸಿ, ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುವ ಕಷ್ಟಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ.