ಒಂದು ನಂಬರ್ ದೊಡ್ಡದು

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕುಳಿತು ಅರ್ಧ ಕಪ್ ಚಹಾ ಅಂಗಿಯ ಮೇಲೇ ಚೆಲ್ಲಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಟ್ಟೆಯ ಚೀಲವನ್ನು ಆಗಲೇ ವಿಮಾನಕ್ಕೆ ಕೊಟ್ಟಾಗಿತ್ತು. ದಿಲ್ಲಿಯ ಕೃಷಿ ಮೇಳದಲ್ಲಿ ನಮ್ಮೂರು ಕುಬಿಹಾಳದ ಮೆಣಸಿನಕಾಯಿ ಬಗ್ಗೆ ನಾಲ್ಕು ಮಾತಾಡು ಎಂದು ಕೃಷಿ ಇಲಾಖೆಯವರು ನನ್ನನ್ನು ಕಳಿಸುತ್ತಿದ್ದರು. ಮನೆಯಲ್ಲಿ ನನ್ನೊಡನೆ ಮಾತಾಡುವವರೇ ಇಲ್ಲ ಎಂಬುದು ಅವರಿಗೇನು ಗೊತ್ತು. ಹೆಂಡತಿ ತೀರಿ ಐದು ವರ್ಷ, ಮಕ್ಕಳಿಲ್ಲ. ಜೀವನದ ಮೊದಲ ವಿಮಾನ, ಕಳಿಸಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಮೂಲೆಯ ಅಂಗಡಿಯಲ್ಲಿ ಟೀ ಶರ್ಟುಗಳಿದ್ದವು. ಅಲ್ಲಿದ್ದ ಹುಡುಗಿಯ ಎದೆಯ ಮೇಲಿನ ಚೀಟಿಯಲ್ಲಿ ರೂಬಿನಾ ಎಂದಿತ್ತು.

"ಬರ್ರಿ ಕಾಕಾ. ಯಾವ್ದು ತೋರಸ್ಲಿ?"

"ಆ ನೀಲಿದು, ಎರಡು ಕೊಡವಾ. ಒಂದು ನನ್ನ ಅಳತಿದು. ಇನ್ನೊಂದು, ಒಂದ್ ನಂಬರ್ ದೊಡ್ಡದು."

"ದೊಡ್ಡದು ಯಾರಿಗ್ರಿ?"

ಹಳೆಯ ರೂಢಿ. ಬಾಯಿ ತಾನೇ ಆಡಿಬಿಟ್ಟಿತ್ತು.

ಪ್ರತಿ ಯುಗಾದಿಗೆ ಅಪ್ಪ ಒಂದೇ ತಾನಿನ ಅರಿವೆ ತಂದು ಅಣ್ಣ ಹನಮಂತಪ್ಪನಿಗೂ ನನಗೂ ಅಂಗಿ ಹೊಲಿಸುತ್ತಿದ್ದ. ಅಪ್ಪ ಹೋದಮೇಲೂ ನಮ್ಮಿಬ್ಬರಲ್ಲಿ ಯಾರು ಪ್ಯಾಟಿಗೆ ಹೋದರೂ ಅಂಗಿ ಎರಡು ಬರುತ್ತಿದ್ದವು. ಅಣ್ಣ ಗಟ್ಟಿ ಆಳು, ಅವನದು ಒಂದು ನಂಬರ್ ದೊಡ್ಡದು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದವನು ನಮ್ಮ ಹಿತ್ತಲನ್ನು ನೋಡಿಯೇ ಅಂದಿರಬೇಕು. ಮೂರು ವರ್ಷದ ಹಿಂದೆ ಮನೆ ಪಾಲಾದಾಗ ಬೇವಿನ ಮರ ಯಾರದೆಂದು ಜಗಳಾಡಿದೆವು. ಕಡೆಗೆ ಮರ ಕಡಿಸಿ ಅಲ್ಲೊಂದು ಗೋಡೆ ಎಬ್ಬಿಸಿದೆವು, ಶಾಣ್ಯಾರು! ಅಂದಿನಿಂದ ಮಾತಿಲ್ಲ. ನಾನು ಹೊಸ ಅಂಗಿಯನ್ನೂ ಕೊಂಡಿರಲಿಲ್ಲ.

"ಬ್ಯಾಡವಾ, ಒಂದ ಸಾಕು" ಎಂದೆ.

ಅವಳು ದೊಡ್ಡದನ್ನು ಮಡಚತೊಡಗಿದಳು. ಅದರ ಅಗಲ ನೋಡುತ್ತಿದ್ದಂತೆ ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಕಂಡ ಅಣ್ಣನ ಬೆನ್ನು ನೆನಪಾಯಿತು. ಅದೇ ಹಳೆಯ ಅಂಗಿ, ಗೂಟಕ್ಕೆ ತೂಗುಹಾಕಿದಂತಿತ್ತು. ಏನಾಗಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಸೋತಂತೆ ಎನಿಸಿತ್ತು. ಎಂಥ ಹಾಳು ಸೊಕ್ಕು ನನ್ನದು.

"ತಡಿಯವಾ, ಮಡಚಬ್ಯಾಡ."

ಫೋನಿನಿಂದ ಅಣ್ಣನ ಹೆಸರು ಅಳಿಸಿಹಾಕಿದ್ದೆ, ಆದರೆ ಅವನ ನಂಬರನ್ನು ಬೆರಳು ಮರೆತಿರಲಿಲ್ಲ. ಅತ್ತಿಗೆ ದುರ್ಗವ್ವ ಎತ್ತಿದಳು.

"ಅತ್ತಿಗವ್ವಾ, ನಾನ್ರಿ, ಮಾಂತೇಶ. ಅಣ್ಣಗ ಈಗ ಯಾವ ಅಳತಿ ಅಂಗಿ ಬರ್ತೈತ್ರಿ?"

ಅವಳ ಹಿಂದಿನಿಂದ, ಗೋಡೆಯಾಚೆ ನಾನು ದಿನಾ ಕೇಳುವ ಅಣ್ಣನ ಕೆಮ್ಮು ಕೇಳಿಸಿತು.

"ದವಾಖಾನಿಯಿಂದ ಬಂದಾಗಿಂದ ನಿನ್ನ ಅಳತಿದ ಬರ್ತೈತಿ ನೋಡಪಾ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಬಣ್ಣ ಯಾವ್ದು ಅಂತ ನಿಮ್ಮಣ್ಣ ಕೇಳಾಕತ್ತಾರ."

ನಾನು ರೂಬಿನಾಳ ಕೈಯಲ್ಲಿದ್ದ ಅಂಗಿಯ ಕಡೆ ನೋಡಿದೆ.

"ನೀಲಿ. ಇಬ್ಬರ್ದೂ ನೀಲಿ ಅಂತ ಹೇಳ್ರಿ."

ರೂಬಿನಾ ದೊಡ್ಡ ಅಂಗಿಯನ್ನು ಹಿಡಿದುಕೊಂಡೇ ನಿಂತಿದ್ದಳು.

"ಅದನ್ನ ಒಳಗಿಡವಾ" ಎಂದೆ. "ಎರಡೂ ನನ್ನ ಅಳತಿದ ಕೊಡು."