ಕರಿ ಅಂಟು

ಮೈದುನ ನಂಜಣ್ಣ ಬೆಳಗಿನಿಂದ ಮೂರನೆಯ ಸಲ ಹೊಟ್ಟೆ ಒತ್ತಿ ಹಿಡಿದುಕೊಂಡದ್ದನ್ನು ಸುನಂದಮ್ಮ ಜಗಲಿಯಿಂದಲೇ ಕಂಡಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ನೂಕಿದವನು ಎದ್ದು ನಿಲ್ಲಲಾರದೆ ಗೋಡೆಗೆ ಒರಗಿದ. ಮುಖ ಬೂದಿ ಬಳಿದಂತಿತ್ತು.

ಹುಣಸೂರು ಕಡೆಯ ಆ ಊರಿನಲ್ಲಿ ಅದು ಹೊಗೆಸೊಪ್ಪು ಬೇಯಿಸುವ ಕಾಲ. ಹಸಿ ಸೊಪ್ಪು ಕಟ್ಟಿದವರ ಕೈಗೆಲ್ಲ ಕರಿ ಅಂಟು. ಎಷ್ಟು ತಿಕ್ಕಿದರೂ ಹೋಗದು. ತಲೆ ಸುತ್ತಿದರೂ ಹೊಟ್ಟೆ ತೊಳಸಿದರೂ ಎಲ್ಲ ಸೊಪ್ಪಿನದೇ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವರು. ಹೋದ ವರ್ಷ ಅವಳ ಗಂಡ ನೀಲಕಂಠಸ್ವಾಮಿಯೂ ಮಲ ಕಪ್ಪಗಾದರೂ ಹಾಗೆಯೇ ಸುಮ್ಮನಾಗಿದ್ದರು. "ಒರಗೆ ಓದ್ರೆ ಕರ್ರಗೆ ಓಯ್ತದೆ ಕಣೇ, ಕೈ ಅಂಟು ಒಟ್ಟೆಗಿಳಿದದೆ" ಎಂದು ನಕ್ಕಿದ್ದರು. ನಾಲ್ಕನೆಯ ದಿನ ಇದೇ ಒಲೆಯ ಮುಂದೆ ರಕ್ತ ಕಾರಿ ಬಿದ್ದರು. ಹೊಟ್ಟೆಯೊಳಗಿನ ಹುಣ್ಣು ರಕ್ತ ಸುರಿಸುತ್ತಿತ್ತು, ಆ ಕಪ್ಪು ರಕ್ತದ್ದೇ ಎಂದು ಡಾಕ್ಟರು ಹೇಳಿದಾಗ ಕೇಳಿಸಿಕೊಳ್ಳಲು ಅವರೇ ಇರಲಿಲ್ಲ. ಅಂದಿನಿಂದ ಸುನಂದಮ್ಮ ಬ್ಯಾರನ್ನಿನ ಬಳಿ ಕಾಲಿಟ್ಟಿರಲಿಲ್ಲ.

ಈಗ ಮೈದುನ. ಕೇಳಬೇಕಾದ ಮಾತು ಒಂದೇ. ಆದರೆ ಅತ್ತಿಗೆಯಾದವಳು ಮೈದುನನನ್ನು ಕೇಳುವ ಮಾತೇ ಅದು? ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಅಂಗಳ ದಾಟಿದಳು.

"ನಂಜಣ್ಣ, ಒಟ್ಟೆ ಯಾವಾಗಿಂದ ನೋಯ್ತಾದೆ?"

"ಅದೇನಿಲ್ಲ ಅತ್ಗೆ, ಉರಿ. ಎರಡು ತುತ್ತು ಮುದ್ದೆ ಬಿದ್ರೆ ತಣ್ಣಗಾಯ್ತದೆ, ಆಮೇಲೆ ಮತ್ತೆ ಸುರು. ನೀವು ಸಾರಿಗೆ ಕಾರ ಜಾಸ್ತಿ ಆಕ್ತೀರಿ."

"ನನ್ ಸಾರಿನ್ ಮ್ಯಾಲೆ ಆಕ್ಬ್ಯಾಡ. ಜೋಬಲ್ಲೇನದು?"

ಸೊಂಟನೋವಿನ ಮಾತ್ರೆಯ ಹಾಳೆ. ಹತ್ತರಲ್ಲಿ ಎರಡು ಉಳಿದಿದ್ದವು.

"ಸೌದೆ ಎತ್ತಿ ಎತ್ತಿ ಸೊಂಟ ಬಿದ್ದೋಗದೆ. ದಿನಕ್ ಮೂರು, ಟೀ ಜೊತೆ."

"ಬರೀ ಒಟ್ಟೇಲಿ?"

"ಬ್ಯಾರನ್ ಬುಟ್ಟು ಯಾರೋಯ್ತಾರೆ ಉಣ್ಣಕ್ಕೆ?"

ಅವಳು ನೆಲ ನೋಡುತ್ತ ಕೇಳಿಯೇ ಬಿಟ್ಟಳು. "ಒರಗೆ ಓದ್ರೆ ಯಾವ ಬಣ್ಣ?"

"ಅಯ್ಯೋ ಶಿವನೇ! ಏನ್ ಕೇಳ್ತೀರಿ ಅತ್ಗೆ? ಊರೋರು ನಗ್ತಾರೆ."

"ನಿಮ್ಮಣ್ಣ ನಕ್ಕಾಗ ನಾನು ಕೆದಕಿ ಕೇಳ್ನಿಲ್ಲ. ಯೋಳು."

ನಂಜಣ್ಣ ಮುಖ ತಿರುಗಿಸಿಕೊಂಡ. ಒಲೆಯಲ್ಲಿ ಸೌದೆ ಸಿಡಿಯಿತು.

"ಕರ್ರಗೆ. ಟಾರಿದ್ದಂಗೆ. ಮೂರ್ ದಿನಾಯ್ತು. ಸೊಪ್ಪಿನ ಅಂಟು ಅಂತ..."

"ಕುಮಾರಾ!" ಎಂದು ಅವಳು ಅವನ ಮಗನನ್ನು ಕೂಗಿದ ಕೂಗಿಗೆ ಕೊಟ್ಟಿಗೆಯ ದನ ತಲೆಯೆತ್ತಿದವು. "ಕಾರ್ ತಗಿಯೋ, ಮೈಸೂರಿಗೆ!"

"ನಾಳಿಕ್ ಓಯ್ತೀನಿ ಬುಡಿ. ಸೊಪ್ಪು ಈಗ ಅಳದಿ ಬಣ್ಣಕ್ಕೆ ತಿರುಗ್ತಾ ಅದೆ. ಕಾವು ತಪ್ಪುದ್ರೆ ಕೆಟ್ಟೋಯ್ತದೆ. ಯಾರ್ ನೋಡ್ಕತಾರೆ?"

"ನಾನು."

"ಇಲ್ಲಿ? ನೀವಾ?"

"ಕೆಟ್ರೆ ಕೆಡ್ಲಿ. ಏಳು ಮೇಲೆ!"

ಎದ್ದವನು ತೂರಾಡಿದ. ಕುಮಾರ ತೋಳು ಕೊಟ್ಟು ಹಿಡಿದುಕೊಂಡ.

ಕಾರು ಹೋದ ಮೇಲೆ ಸುನಂದಮ್ಮ ಗಂಡ ಕೂರುತ್ತಿದ್ದ ಮಣೆಯ ಮೇಲೆಯೇ ಕೂತಳು. ಬ್ಯಾರನ್ನಿನ ಗೋಡೆಯ ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವುದು, ಸೌದೆ ನೂಕುವುದು, ಫೋನು ನೋಡುವುದು. ಮಧ್ಯಾಹ್ನ ಕಳೆಯಿತು. ಹೋದ ವರ್ಷ ಅವರು ಬಿದ್ದಿದ್ದ ಜಾಗ ಕಾಲ ಬುಡದಲ್ಲೇ ಇತ್ತು. ಫೋನು ಮಾತ್ರ ಸುಮ್ಮನಿತ್ತು. "ಇವನನ್ನಾದರೂ ಬಿಡಪ್ಪ ನಂಜುಂಡೇಶ್ವರ" ಎಂದು ಎಷ್ಟು ಸಲ ಅಂದಳೋ ಲೆಕ್ಕವಿಲ್ಲ.

ಸಂಜೆ ಕುಮಾರನ ಕರೆ ಬಂತು.

"ದೊಡ್ಡವ್ವ, ಬಾಯಿಂದ ಕೊಳವೆ ಬುಟ್ಟು ನೋಡುದ್ರು. ಒಟ್ಟೇಲಿ ಹುಣ್ಣಂತೆ, ರಕ್ತ ಒಸರ್ತಿತ್ತಂತೆ. ಅಲ್ಲೇ ಸೂಜಿ ಚುಚ್ಚಿ ನಿಲ್ಸವ್ರೆ, ರಕ್ತ ಕೊಡ್ತಾವ್ರೆ. ಕ್ರಿಮಿನೂ ಇರ್ಬೌದು ಅಂತ ಒಟ್ಟೆ ಒಳಗಿಂದ ಒಂಚೂರು ತಗ್ದು ಪರೀಕ್ಷೆಗೆ ಕಳ್ಸವ್ರೆ. ಆ ಮಾತ್ರೆ ನುಂಗಿದ್ದಕ್ಕೆ ಸರಿಯಾಗಿ ಬೈದ್ರು."

"ಜೀವಕ್ಕೆ?"

"ಏನಿಲ್ವಂತೆ. ನಾಳೆಗಂಟ ಕಾದಿದ್ರೆ ಕಷ್ಟ ಆಗೋದು ಅಂದ್ರು. ಅಪ್ಪ ಸೊಪ್ಪೇನಾಯ್ತು ಅಂತ ಕೇಳ್ತಾವ್ರೆ."

ಸುನಂದಮ್ಮ ಕಿಂಡಿಗೆ ಕಣ್ಣಿಟ್ಟಳು. "ಒಂದ್ ಸಾಲು ಕೆಟ್ಟದೆ, ಮಿಕ್ಕಿದ್ದು ಅಳದಿಯಾಗದೆ ಅನ್ನು. ಸಾರಿಗೆ ಕಾರ ಕಮ್ಮಿ ಮಾಡ್ತೀನಿ ಅನ್ನು."

ಫೋನು ಇಟ್ಟ ಮೇಲೆ ಒಲೆಯ ಮುಂದಿನ ನೆಲವನ್ನು ಅಂಗೈಯಿಂದ ಮೆಲ್ಲಗೆ ಸವರಿದಳು.

"ಈ ಸಲ ಕೇಳ್ದೆ ಕಣ್ರೀ" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಸೌದೆ ನೂಕಿದಳು.